ಮೆಣಸಿನಕಾಯಿ ಚೀಲದ ಚಿಲ್ಲರೆ

"ಉಡಿ ಒಡ್ಡು," ಎಂದ ಮಲ್ಲಿಕಸಾಬ, ಚೀಲದ ಬಾಯಿಯ ಸುತಳಿ ಬಿಚ್ಚುತ್ತ.

ಜೈತೂನಬಿಗೆ ಮೊದಲು ಅರ್ಥವಾಗಲಿಲ್ಲ. ಅಪ್ಪನ ಮನೆಯಲ್ಲಿ ಅವಳಿಗೆ ಬರಬೇಕಾದ ಪಾಲಿನ ಹಣ ಕೊಡುತ್ತೇನೆ ಬಾ ಎಂದು ಅಣ್ಣ ಹೇಳಿಕಳಿಸಿದ್ದ. ನೋಟಿನ ಕಟ್ಟು ಕೊಡುತ್ತಾನೆ, ತೆಗೆದುಕೊಂಡು ಎದ್ದು ಹೋದರಾಯಿತು ಎಂದುಕೊಂಡು ಬಂದಿದ್ದಳು. ಆದರೆ ಅವನು ಕರೆಸಿದ್ದು ಮನೆಗಲ್ಲ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಎದುರಿಗಿದ್ದ ತನ್ನ ಚಹಾದ ಹೋಟೆಲಿಗೆ, ಅದೂ ಪೇಟೆಯ ದಿನ. ಅವಳು ಸೆರಗು ಒಡ್ಡಿದ್ದೇ ತಡ, ಬೋಗುಣಿಯಲ್ಲಿ ಮೊಗೆಮೊಗೆದು ಚಿಲ್ಲರೆ ಸುರಿಯತೊಡಗಿದ. ಭಾರಕ್ಕೆ ತಲೆಯ ಮೇಲಿನ ಸೆರಗು ಜಾರಿತು. ನಾಣ್ಯಗಳು ಚರಂಡಿಯವರೆಗೆ ಉರುಳಿದವು. ಹಮಾಲರು, ರೈತರು, ಲಾರಿಯವರು ಚಹಾ ಆರಲು ಬಿಟ್ಟು ನೋಡುತ್ತಿದ್ದರು.

"ಭಿಕ್ಷಾ ಬೇಡೋರಿಗೆ ಯಾರರ ನೋಟ ಕೊಡ್ತಾರೇನು? ಚಿಲ್ಲರಾನ ಕೊಡೂದು," ಎಂದ.

ಅಣ್ಣ ತಂಗಿ ಹುಟ್ಟಿದಾಗಿನಿಂದ ಮಾತಾಡಿಕೊಂಡದ್ದು ಉರ್ದುವಿನಲ್ಲಿ. ಇದೊಂದು ಮಾತನ್ನು ಅವನು ಕನ್ನಡದಲ್ಲಿ ಆಡಿದ, ಪೇಟೆಗೆಲ್ಲ ತಿಳಿಯಲಿ ಎಂದು.

ಹೆಣ್ಣುಮಕ್ಕಳು ಪಾಲು ಕೇಳಬಾರದು, ಕೇಳಿದರೆ ಅಲ್ಲಿಗೆ ತವರು ಮುಗಿಯಿತು. ಈ ಕಟ್ಟಳೆ ನಮ್ಮ ಕಡೆ ಯಾವ ಜಾತಿಯನ್ನೂ ಬಿಟ್ಟಿಲ್ಲ. ಜೈತೂನಬಿಯೂ ಕೇಳುವವಳಲ್ಲ. ಗಂಡ ಕಾಸೀಮಸಾಬ ಹಮಾಲಿ ಮಾಡುತ್ತಲೇ ಸತ್ತ ಮೇಲೆ, ಬಾಡಿಗೆ ಕಟ್ಟಲಾಗದೆ, ತವರಿನ ಹಿತ್ತಲ ಕೋಣೆಯಲ್ಲಿ ಇರುತ್ತೇನೆ ಎಂದಳು, ಅಷ್ಟೇ. ಅಲ್ಲಿ ಹೋಟೆಲಿನ ಕಟ್ಟಿಗೆ ಒಟ್ಟಬೇಕು ಎಂದ ಅಣ್ಣ. ಆಗ ಅವಳಿಗೆ ಸಿಟ್ಟು ಬಂದು ಜಮಾತಿನ ಹಿರಿಯರ ಮುಂದೆ ಹೋದಳು. ಮಗಳಿಗೂ ಹಕ್ಕಿದೆ, ಮೂರು ಸಾವಿರ ಕೊಡು ಎಂದು ಅವರು ತೀರ್ಮಾನಿಸಿದರು. ಮಲ್ಲಿಕಸಾಬ ಎದುರಾಡಲಿಲ್ಲ. ತಿಂಗಳುಗಟ್ಟಲೆ ಗಲ್ಲಾದ ಚಿಲ್ಲರೆಯನ್ನೆಲ್ಲ ಹಳೆಯದೊಂದು ಮೆಣಸಿನಕಾಯಿ ಚೀಲಕ್ಕೆ ಸುರಿಯುತ್ತ ಬಂದ; ಗಿರಾಕಿಗಳಿಗೆ ಚಿಲ್ಲರೆಯ ಬದಲು ಪೆಪ್ಪರಮಿಂಟು ಕೊಟ್ಟ. ಇಷ್ಟು ಕಷ್ಟಪಟ್ಟು ಅವಮಾನ ಮಾಡುವವರು ಲೋಕದಲ್ಲಿ ಕಡಿಮೆ.

ಜೈತೂನಬಿ ಅಳಲಿಲ್ಲ. ಚರಂಡಿಗೆ ಬಿದ್ದದ್ದನ್ನೂ ಬಿಡದೆ ಕೈಹಾಕಿ ಆರಿಸಿ, ಉಡಿಯಲ್ಲಿದ್ದದ್ದನ್ನೂ ಸೇರಿಸಿ ಅದೇ ಚೀಲಕ್ಕೆ ತುಂಬಿದಳು. ಆರಿಸುತ್ತಲೇ ನಿಶ್ಚಯ ಮಾಡಿಕೊಂಡಳು: ಇವನು ಇದೇ ಜಾಗದಲ್ಲಿ, ಇದೇ ಜನರೆದುರು, ನನ್ನ ಮುಂದೆ ಉಡಿ ಒಡ್ಡಬೇಕು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಅವಳೂ ಫಕ್ಕೀರವ್ವನೂ ದಲಾಲರ ಅಡತಿ ಅಂಗಡಿಯಲ್ಲಿ ಜೊತೆಗೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ಚೀಲವನ್ನು ಕೈಗಾಡಿಯ ಮೇಲೆ ಹೇರಿಕೊಂಡು ಇಬ್ಬರೂ ಮನೆಗೆ ತಂದರು. ಬಾಯಿ ಬಿಚ್ಚಿದರೆ ಸೀನೋ ಸೀನು. ಚೀಲದ ಹೆಣಿಗೆಯಲ್ಲಿ ಕೂತಿದ್ದ ಖಾರದ ಪುಡಿಯೆಲ್ಲ ನಾಣ್ಯಗಳಿಗೆ ಮೆತ್ತಿತ್ತು. ಇಬ್ಬರೂ ಕಸುಬಿನವರು, ಕೊಬ್ಬರಿ ಎಣ್ಣೆ ಹಚ್ಚಿ ತೊಳೆಯದೆ ಕೈಯನ್ನು ಮುಖದ ಹತ್ತಿರ ಒಯ್ಯುವವರಲ್ಲ. ಈ ಹಣವನ್ನು ಏನು ಮಾಡುವುದು ಎಂಬುದೇ ಚಿಂತೆಯಾಯಿತು. ಬ್ಯಾಂಕಿನವರು ಇದನ್ನು ಎಣಿಸಲು ನಮಗೆ ಪುರಸೊತ್ತಿಲ್ಲ ಎಂದರು. ಮನೆ ಮಾಲಕ ಬಾಡಿಗೆಗೆ ನೋಟೇ ಬೇಕೆಂದ. ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿಬಿಡು, ಪೀಡೆ ತೊಲಗಲಿ ಎಂದಳು ಫಕ್ಕೀರವ್ವ.

ದಾರಿ ತೋರಿಸಿದವನು ಹಾವೇರಿ ಬಸ್ಸಿನ ಕಂಡಕ್ಟರ್. ಎಂಬತ್ತೊಂಬತ್ತರ ಆ ಬೇಸಿಗೆಯಲ್ಲಿ ಎಲ್ಲಿಯೂ ಚಿಲ್ಲರೆ ಹುಟ್ಟುತ್ತಿರಲಿಲ್ಲ. ಟಿಕೀಟಿನ ಹಿಂದೆ ಎಂಟಾಣೆ ಬಾಕಿ ಎಂದು ಬರೆಯುತ್ತ, ಬೈಸಿಕೊಳ್ಳುತ್ತ ಬಂದ ಅವನಿಗೆ ಜೈತೂನಬಿ ಸೆರಗಿನ ಗಂಟು ಬಿಚ್ಚಿ ಸರಿಯಾದ ಚಿಲ್ಲರೆ ಕೊಟ್ಟಳು. ಇನ್ನೂ ಇದೆಯೇ ಎಂದು ಕೇಳಿದ. ಇದ್ದಷ್ಟನ್ನೂ ತೆಗೆದುಕೊಂಡು, ಒಂಬತ್ತೂವರೆ ರೂಪಾಯಿ ಚಿಲ್ಲರೆಗೆ ಹತ್ತರ ನೋಟು ಕೊಟ್ಟು, ಮೇಲೆ ಕೈಮುಗಿದ. ಹಾವೇರಿ ಬರುವವರೆಗೂ ಅವಳು ಆ ನೋಟನ್ನೇ ನೋಡುತ್ತ ಕೂತಳು.

ಮುಂದಿನ ಪೇಟೆಯ ದಿನ ಅಣ್ಣನ ಹೋಟೆಲಿನ ಎದುರಿಗಿನ ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿದಳು. ಹುಣಸೆ ನೀರಲ್ಲಿ ತೊಳೆದ ನಾಣ್ಯಗಳನ್ನು ಗುಪ್ಪೆಗುಪ್ಪೆಯಾಗಿ ಜೋಡಿಸಿ, ನೂರಕ್ಕೆ ಐದು ರೂಪಾಯಿ ಹೆಚ್ಚಿಗೆ ಎಂದಳು. ಪಾನಪಟ್ಟಿಯವರು, ಕಿರಾಣಿಯವರು, ಕಂಡಕ್ಟರುಗಳು ಮುತ್ತಿದರು. ಮಲ್ಲಿಕಸಾಬನ ಹೋಟೆಲಿಗೆ ಎದುರಾಳಿಯಾಗಿ ಹೊಸದಾಗಿ ಚಹಾದಂಗಡಿ ಇಟ್ಟಿದ್ದ ಡಾಕಪ್ಪನಿಗೆ ಮಾತ್ರ ಹೆಚ್ಚಿಗೆಯ ಐದು ರೂಪಾಯಿ ಬೇಡವೆಂದಳು. ಚೀಲದಲ್ಲಿ ಮುಕ್ಕಾಲು ಕರಗಿದಾಗ ದೇವರಗುಡ್ಡಕ್ಕೆ ಹೋಗಿ, ಗುಡಿಯ ಮುಂದೆ ಕಾಯಿ ಭಂಡಾರ ಮಾರುವವರಿಗೆ ನೋಟು ಕೊಟ್ಟು, ಅರಿಸಿನ ಮೆತ್ತಿದ ಚಿಲ್ಲರೆ ತಂದಳು. ಪೇಟೆಯಲ್ಲಿ ಓಡಾಡಿದ್ದು ಆ ಹಳದಿ ಚಿಲ್ಲರೆ. ಚೀಲದ ತಳದಲ್ಲಿ ಉಳಿದ ಕೆಂಪು ಚಿಲ್ಲರೆಯನ್ನು ತೊಳೆಯಲೂ ಇಲ್ಲ, ಮಾರಲೂ ಇಲ್ಲ. ಅದೇಕೆ ಎಂದು ಫಕ್ಕೀರವ್ವ ಕೇಳಿದ್ದಕ್ಕೆ, ಅದರ ಗಿರಾಕಿ ಬೇರೆ ಎಂದಳು.

ಮಲ್ಲಿಕಸಾಬ ತಾನೇ ತೋಡಿದ ಹಳ್ಳಕ್ಕೆ ಬಿದ್ದಿದ್ದ. ಚಹಾಕ್ಕೆ ಮುಕ್ಕಾಲು ರೂಪಾಯಿ. ಬಂದವರೆಲ್ಲ ಕೊಡುವುದು ನೋಟು. ಪೆಪ್ಪರಮಿಂಟು ಇನ್ನು ಬೇಡವೆಂದರು. ಚಿಲ್ಲರೆಯ ಬದಲು ರಟ್ಟಿನ ಚೀಟಿಗೆ ಹೋಟೆಲಿನ ಸಿಕ್ಕೆ ಒತ್ತಿ ಕೊಟ್ಟ. ಅದು ಎದುರಿಗಿನ ಪಾನಪಟ್ಟಿಯಲ್ಲೂ ನಡೆಯಲಿಲ್ಲ. "ಕೊಟ್ಟಾವ ಕೋಡಂಗಿ, ಇಸಗೊಂಡಾವ ಈರಭದ್ರ" ಎಂದು ಹಮಾಲರು ಅವನಿಗೆ ಕೇಳುವ ಹಾಗೆಯೇ ಅನ್ನುತ್ತ ಡಾಕಪ್ಪನ ಬೆಂಚಿನ ಮೇಲೆ ಹೋಗಿ ಕೂತರು. ಅವರಿವರ ಕೈಯಲ್ಲಿ ನೋಟು ಕೊಟ್ಟು ಬೇವಿನ ಮರದ ಕೆಳಗೆ ಕಳಿಸಿ ನೋಡಿದ. ಜೈತೂನಬಿ ನೋಟು ಮುಟ್ಟಲಿಲ್ಲ; ಬೇಕಾದವರು ಬರಲಿ ಎಂದು ಹೇಳಿಕಳಿಸಿದಳು.

ಕಡೆಗೊಂದು ಪೇಟೆಯ ದಿನ, ಬಿಸಿಲು ನೆತ್ತಿಗೇರಿದಾಗ, ಅವನೇ ಬಂದ. ಹೆಗಲ ಮೇಲೆ ಟಾವೆಲ್ಲು, ಕೈಯಲ್ಲಿ ಬಿಸ್ಕೀಟಿನ ಖಾಲಿ ಡಬ್ಬಿ. ಬಗ್ಗಿ, ಸಣ್ಣ ದನಿಯಲ್ಲಿ, ಉರ್ದುವಿನಲ್ಲಿ, ಮನೆಗೆ ಬಾ, ಅಲ್ಲಿ ಕೂತು ಮಾತಾಡೋಣ, ಹಿತ್ತಲ ಕೋಣೆಯ ಕಟ್ಟಿಗೆಯನ್ನೂ ತೆಗೆಸುತ್ತೇನೆ ಎಂದ. ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹಾಗೆ 'ಜೈತು' ಎಂದೂ ಕರೆದ. ಆ ಕೋಣೆಯ ಆಸೆ ಅವಳಿಗೆ ಇನ್ನೂ ಹೋಗಿರಲಿಲ್ಲ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು, ಮತ್ತು ಅದನ್ನು ಅವಳು ಇಷ್ಟು ದಿನ ಜೋಪಾನವಾಗಿ ಸಾಕಿದ್ದಳು.

"ಬರ್ರಿ ಧಣ್ಯಾರ," ಎಂದಳು ಕನ್ನಡದಲ್ಲಿ, ಡಾಕಪ್ಪನ ಬೆಂಚಿನವರೆಗೂ ಕೇಳುವಂತೆ. "ಇದು ಮನೀ ಮಾತಲ್ರಿ, ಪ್ಯಾಟಿ ಮಾತು. ಡಬ್ಬಿ ಕೆಳಗಿಟ್ಟು ಉಡಿ ಒಡ್ರಿ."

ಗಾಡಿಗೆ ಚೀಲ ಹೇರುತ್ತಿದ್ದವರು ನಿಂತರು. ಮಲ್ಲಿಕಸಾಬ ಸುತ್ತ ನೋಡಿದ, ತನ್ನ ಖಾಲಿ ಹೋಟೆಲಿನ ಕಡೆಗೂ ನೋಡಿದ. ಆಮೇಲೆ ಹೆಗಲ ಟಾವೆಲ್ಲು ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಂಗಿಯ ಮುಂದೆ ಒಡ್ಡಿದ.

ಜೈತೂನಬಿ ಹಳದಿ ಗುಪ್ಪೆಗಳನ್ನು ಮುಟ್ಟಲಿಲ್ಲ. ಬೆನ್ನ ಹಿಂದಿನ ಚೀಲ ಎಳೆದು, ತಳದಿಂದ ಬೋಗುಣಿ ತುಂಬ ಮೊಗೆದು ಸುರಿದಳು. ನೂರರ ನೋಟು ಇಸಕೊಂಡು, ಹೆಚ್ಚಿಗೆಯ ಐದು ರೂಪಾಯಿ ಮುರಿದುಕೊಂಡೇ ಲೆಕ್ಕ ಚುಕ್ತಾ ಮಾಡಿದಳು. ಅವನು ತಲೆಯೆತ್ತದೆ, ಮುಖ ಅತ್ತ ತಿರುಗಿಸಿಕೊಂಡೇ ಚಿಲ್ಲರೆಯನ್ನು ಡಬ್ಬಿಗೆ ಸುರುವಿಕೊಂಡ. ಆ ಬಿಸಿಲಿಗೆ, ಆ ನಾಚಿಕೆಗೆ ಮುಖದಲ್ಲಿ ನೀರಿಳಿಯುತ್ತಿತ್ತು. ಅದೇ ಟಾವೆಲ್ಲಿನಿಂದ ಹಣೆ ಒರೆಸಿದ, ಕಣ್ಣು ಒರೆಸಿದ.

ಎರಡು ಹೆಜ್ಜೆ ಹೋದವನು ನಿಂತುಬಿಟ್ಟ. ಮತ್ತೆ ಕಣ್ಣೊರೆಸಿದ, ಒರೆಸಿದಷ್ಟೂ ನೀರು. ಡಬ್ಬಿ ಎದೆಗವಚಿಕೊಂಡು ನಡುರಸ್ತೆಯಲ್ಲಿ ಕೂತ.

"ಏನಾರ ಆಗ್ಲಿ, ಒಡಹುಟ್ಟಿದಾಂವ. ಅಳಾಕತ್ತಾನ ನೋಡು," ಎಂದ ಒಬ್ಬ ಹಮಾಲ.

ಪಕ್ಕದಲ್ಲಿ ಕೂತಿದ್ದ ಫಕ್ಕೀರವ್ವನಿಗೆ ಟಾವೆಲ್ಲಿನ ಕೆಂಪು ನೋಡಿ ಗೊತ್ತಾಯಿತು. ಅವಸರವಾಗಿ ನೀರಿನ ಚರಿಗೆಗೆ ಕೈ ಚಾಚಿದಳು. ಜೈತೂನಬಿ ಚರಿಗೆಯನ್ನು ಮೆಲ್ಲಗೆ ತನ್ನ ಬೆನ್ನ ಹಿಂದೆ ಸರಿಸಿಟ್ಟುಕೊಂಡಳು. ಎಣ್ಣೆಯ ಬಾಟಲಿ ತೆಗೆದು, ಒಂದೊಂದೇ ಬೆರಳಿಗೆ ಹಚ್ಚಿ ತಿಕ್ಕುತ್ತ, ಮುಂದೆ ನಿಂತ ಕಂಡಕ್ಟರನನ್ನು ಕೇಳಿದಳು:

"ನಿಮಗ ಎಷ್ಟರದು ಬೇಕ್ರಿ?"