ಮುಳುಗದ ಬಲಗಾಲು

ನನ್ನ ತಮ್ಮ ಡೆಲ್ಮರನಿಗೆ ದೀಕ್ಷಾಸ್ನಾನವಾದ ದಿನ ಅವನ ಬಲಗಾಲು ಮುಳುಗಲಿಲ್ಲ. ಕಲ್ಲಿದ್ದಲ ಗಣಿಯಲ್ಲಿ ಬಂಡೆ ಬಿದ್ದಾಗಿನಿಂದ ಆ ಮಂಡಿ ಮಡಚುವುದಿಲ್ಲ. ಪಾಸ್ಟರ್ ವೆಂಡೆಲ್ ಅವನನ್ನು ಹಳ್ಳದ ನೀರಿನಲ್ಲಿ ಹಿಂದಕ್ಕೆ ಒರಗಿಸಿದರು. ತಲೆ ಒಳಗೆ ಹೋಯಿತು, ಕಾಲು ಮೇಲೆ ಬಂತು. ಕೆಂಟಕಿಯ ನಮ್ಮ ಕಣಿವೆಯ ಚರ್ಚ್ ಸಭೆಯಲ್ಲಿ ಮುಳುಗುವಾಗ ಕೂದಲೆಳೆಯೂ ನೀರಿನ ಹೊರಗಿರಬಾರದು. ಅವತ್ತು ಇಡೀ ಪಾದ ಹೊರಗಿತ್ತು, ಐದು ಬೆರಳುಗಳ ಸಮೇತ.

ದಡದಲ್ಲಿದ್ದವರೆಲ್ಲ ನೋಡಿಯೂ ನೋಡದವರಂತೆ ಹಾಡು ಎತ್ತಿಕೊಂಡರು. ವೆಸ್ಟಾ ಅತ್ತೆಯ ಬಾಯಿ ಮಾತ್ರ ಸುಮ್ಮನಿರಬೇಕಲ್ಲ!

"ಕಾಲಿಗೆ ಸ್ನಾನ ಆಗ್ಲಿಲ್ಲ" ಎಂದಳು.

"ಅಯ್ಯೋ ಅತ್ತೆ, ನೀರಿಗೆ ಇಳಿದಿದ್ದೇ ಆ ಕಾಲಲ್ಲಿ" ಎಂದೆ.

"ಅದು ಬರೀ ಒದ್ದೆಯಾಗಿದ್ದು ಕಣೇ ಓಪಲ್. ತಂದೆಯ, ಮಗನ ಹೆಸರು ಹೇಳೋವಾಗ ಹೊರಗಿತ್ತು."

ಆ ಕಾಲು ಇನ್ನೂ ಪಾಪದಲ್ಲೇ ಉಳಿದಿದೆ ಎಂದು ನಂಬಲು ಇಷ್ಟು ಸಾಕಾಯಿತು ನನ್ನ ತಮ್ಮನಿಗೆ.

ಡೆಲ್ಮರ್ ಸ್ನಾನಕ್ಕೆ ಒಪ್ಪಿದ್ದೇ ಹೋಬರ್ಟನ ದೆಸೆಯಿಂದ. ಹೋಬರ್ಟ್ ನಮ್ಮ ಪಕ್ಕದ ಮನೆಯವನು. ಬೇಸಿಗೆಯಲ್ಲಿ ಡೆಲ್ಮರನ ನಾಯಿ ಬಟನ್ ಅವನ ಕೋಳಿಗೂಡಿನ ಹಿಂದೆ ಗುಂಡೇಟು ತಿಂದು ಸತ್ತು ಬಿದ್ದಿತ್ತು. ನಾನಲ್ಲ ಎಂದ ಹೋಬರ್ಟ್. ಅವನೇ ಎಂದು ಊರಿಗೇ ಗೊತ್ತು. ಹೆಂಡತಿ ತೀರಿಕೊಂಡ ಮೇಲೆ ಡೆಲ್ಮರನ ಜೊತೆ ಊಟಕ್ಕೆ ಕೂರುತ್ತಿದ್ದದ್ದು ಆ ನಾಯಿ ಒಂದೇ. ಹೋಬರ್ಟನ ಹತ್ತಿರವೂ ರೂಬಿ ಎಂಬ ಬೇಟೆನಾಯಿ ಇದೆ. ನಾಯಿಗೆ ನಾಯಿ ಎಂಬ ಯೋಚನೆ ಡೆಲ್ಮರನ ತಲೆಯೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ. ಮುಳುಗಿ ಎದ್ದರೆ ಅದು ನೀರಿನಲ್ಲಿ ತೊಳೆದುಹೋಗುತ್ತದೆ ಎಂದುಕೊಂಡಿದ್ದ ಪಾಪ.

ಸ್ನಾನವಾದ ವಾರದಲ್ಲೇ ಅವನ ಕೋಟಿನ ಗುಂಡಿ ಹೊಲಿಯುತ್ತಿದ್ದೆ. ಜೇಬಿನಲ್ಲಿ ಕಾಗದ ಸುತ್ತಿದ ಸಾಸೇಜು ಸಿಕ್ಕಿತು. ಮುರಿದು ನೋಡಿದರೆ ಒಳಗೆ ಇಲಿಪಾಷಾಣ.

"ಏನೋ ಇದು?"

"ನನ್ನನ್ನ ಕೇಳಬೇಡ ಅಕ್ಕ, ಕಾಲನ್ನ ಕೇಳು. ದಿನಾ ಸಂಜೆ ರೂಬಿ ಗೂಡಿನ ಹತ್ರ ಕರ್ಕೊಂಡು ಹೋಗುತ್ತೆ."

ಮೈಯೆಲ್ಲ ಉರಿಯಿತು ನನಗೆ. "ಸಾಸೇಜಿಗೆ ವಿಷ ತುಂಬಿದ್ದೂ ಕಾಲೇನಾ? ಮೂಕಪ್ರಾಣಿ ಏನು ಮಾಡಿತ್ತೋ ನಿಂಗೆ?"

"ಏನೂ ಮಾಡಿಲ್ಲ. ನನ್ನ ಕಂಡ್ರೆ ಬಾಲ ಅಲ್ಲಾಡಿಸುತ್ತೆ. ಅದಕ್ಕೇ ಇಲ್ಲೀತನಕ ಜೇಬಲ್ಲೇ ಇದೆ." ಮುಖ ತಿರುಗಿಸಿಕೊಂಡ. "ನಾಳೆ ಗೊತ್ತಿಲ್ಲ."

ಅದನ್ನು ಒಲೆಗೆ ಹಾಕಿ, ಕೋಟು ತೊಡಿಸಿ, ಪಾಸ್ಟರ ಮುಂದೆ ನಿಲ್ಲಿಸಿದೆ. ಪಾಸ್ಟರ್ ವೆಂಡೆಲ್ ಚಿಕ್ಕ ವಯಸ್ಸಿನವರು, ಇದು ಅವರ ಮೊದಲನೆಯ ಸಭೆ. ಓದಿದ್ದನ್ನೆಲ್ಲ ಹೇಳಿದರು.

"ಬ್ರದರ್, ದೀಕ್ಷಾಸ್ನಾನ ಒಂದೇ ಸಲ. ಬೆರಳು ಎಣಿಸೋ ವ್ಯವಹಾರ ಅಲ್ಲ. ಯೇಸು ನೀರಿಂದ ಎದ್ದು ಎಲ್ಲಿಗೆ ಹೋದರು? ಅಡವಿಗೆ. ಅಲ್ಲಿ ಸೈತಾನ ಕಾಯ್ತಾ ಇದ್ದ. ಅವನ ಶೋಧನೆ, ಪರೀಕ್ಷೆ ಎಲ್ಲ ಶುರುವಾಗೋದೇ ಸ್ನಾನ ಆದ್ಮೇಲೆ."

"ಅವರ ಮಂಡಿ ಮಡಚ್ತಿತ್ತು, ಪಾಸ್ಟರ್" ಎಂದ ಡೆಲ್ಮರ್.

ಪಾಸ್ಟರ್ ನನ್ನ ಮುಖ ನೋಡಿದರು. ನಾನು ಇಲಿಪಾಷಾಣದ ವಿಷಯ ಹೇಳಿದೆ. ಬರುವ ಭಾನುವಾರ ಇನ್ನೊಂದು ಸಲ ಮುಳುಗಿಸೋಣ ಎಂದರು.

ನವೆಂಬರ್ ತಿಂಗಳು. ಹಳ್ಳದ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಡೆಲ್ಮರ್ ಕೋಟು ಬಿಚ್ಚಿ ಪೊದೆಯ ಮೇಲೆ ಹಾಕಿ ನೀರಿಗೆ ಇಳಿದ. ಪಾಸ್ಟರ್ ದಡದ ಕಡೆ ತಿರುಗಿ, "ಕಾಲು ಅದುಮೋಕೆ ಒಬ್ಬರು ಬೇಕು" ಎಂದರು. ಹಿಂದಿನ ಭಾನುವಾರ ಪರಿಶುದ್ಧಾತ್ಮನಿಂದ ಉರಿಯುತ್ತಿದ್ದೇವೆ ಎಂದು ಕೂಗಿದ್ದ ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳತೊಡಗಿದರು. ಥೂ, ನಾನೇ ಇಳಿಯೋಣವೆಂದು ಶಾಲು ತೆಗೆಯುತ್ತಿದ್ದೆ. ಆಗ ಹಿಂದಿನ ಸಾಲಿನಿಂದ ಹೋಬರ್ಟ್ ಬಂದು ಬೂಟು ಕಳಚಿದ.

"ನೀನಾ?" ಎಂದೆ.

"ಆ ಕಾಲು ಸಂಜೆ ಸಂಜೆ ಬರೋದು ನನ್ನ ಮನೆಗೇ ಅಲ್ವಾ" ಎಂದು ಇಳಿದೇಬಿಟ್ಟ.

ಪಾಸ್ಟರ್ ಒರಗಿಸಿದರು. ಹೋಬರ್ಟ್ ಎರಡು ಕೈಯಲ್ಲೂ ಮೊಣಕಾಲು ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಹೆಸರು ಹೇಳಿ ಮುಗಿಯುವವರೆಗೂ ನೀರಿನ ಮೇಲೆ ಒಂದು ಉಗುರೂ ಕಾಣಲಿಲ್ಲ. ವೆಸ್ಟಾ ಅತ್ತೆ ಬಗ್ಗಿ ನೋಡಿ ಸರಿ ಎಂಬಂತೆ ತಲೆಯಾಡಿಸಿದಳು.

ಡೆಲ್ಮರನ ಮುಖ ಮೇಲೆ ಬಂತು. ಹೋಬರ್ಟನ ಕುತ್ತಿಗೆ ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.

"ಬಟನ್‌ನ ಹೊಡೆದಿದ್ದು ನೀನೇ ತಾನೇ?" ಎಂದ ಡೆಲ್ಮರ್.

ಹೋಬರ್ಟ್ ತಲೆ ಎತ್ತಲಿಲ್ಲ. "ಹೂಂ. ನರಿ ಅಂದ್ಕೊಂಡು ಹೊಡೆದೆ. ಹತ್ರ ಹೋದ್ಮೇಲೆ ಕೊರಳಪಟ್ಟಿ ಕಾಣ್ತು."

"ಹೇಳಬಹುದಿತ್ತಲ್ಲೋ."

"ಹೆದರಿಕೆ ಆಯ್ತು."

ಪಾಸ್ಟರ ಹಲ್ಲು ಕಟಕಟ ಎನ್ನುತ್ತಿದ್ದವು. "ಆಯ್ತು ಬ್ರದರ್, ಕಾಲು ಬಿಡಿ, ಮೇಲೇಳೋಣ" ಎಂದರು.

"ಬಿಡಬೇಡ!" ಎಂದು ಡೆಲ್ಮರ್ ಕೂಗಿದ. ಹೋಬರ್ಟ್ ಗಾಬರಿಯಾಗಿ ಇನ್ನಷ್ಟು ಅದುಮಿದ. "ಅಕ್ಕಾ, ಕೋಟಿನ ಎಡಜೇಬಲ್ಲಿ ಇನ್ನೊಂದಿದೆ. ಚರ್ಚಿನ ಒಲೆಗೆ ಹಾಕಿ ಬಾ. ಅಲ್ಲೀತನಕ ಇವನು ಬಿಡಬಾರದು. ಈಗ ಬಿಟ್ರೆ ಇದು ನೆಟ್ಟಗೆ ರೂಬಿ ಹತ್ರಾನೇ ಹೋಗುತ್ತೆ."

ಎರಡನೆಯ ಸಲ ದೀಕ್ಷೆಗೆ ಬರುವಾಗಲೂ ಜೇಬಿನಲ್ಲಿ ವಿಷ ಇಟ್ಟುಕೊಂಡು ಬಂದಿದ್ದಾನೆ, ಕತ್ತೆ! ಬೈಯುತ್ತಲೇ ಓಡಿದೆ. ಈ ವಯಸ್ಸಿನಲ್ಲಿ ದಿಬ್ಬ ಹತ್ತಿ, ಒಲೆಯ ಬಾಗಿಲು ತೆಗೆದು, ಕಾಗದದ ಸಮೇತ ಒಳಗೆ ಎಸೆದು, ಅದು ಉರಿಯುವವರೆಗೆ ನಿಂತು ನೋಡಿದೆ. ಯಾಕೋ ಅಳು ಬಂತು, ಅತ್ತುಬಿಟ್ಟೆ. ಮತ್ತೆ ದಿಬ್ಬ ಇಳಿದೆ.

ಮೂವರೂ ಹಾಗೇ ಇದ್ದರು, ತುಟಿ ನೀಲಿಗಟ್ಟಿತ್ತು.

"ಹಾಕಿದೆ ಕಣೋ" ಎಂದು ಕೂಗಿದೆ.

ಹೋಬರ್ಟ್ ಕೈ ಸಡಿಲಿಸಹೋದ.

"ಇನ್ನೂ ಸ್ವಲ್ಪ ಹಿಡ್ಕೊ" ಎಂದ ಡೆಲ್ಮರ್.

"ಹಿಡ್ಕೊಂಡಿದೀನಿ" ಎಂದ ಹೋಬರ್ಟ್.