ಹದಿಮೂರು ಬಿರುದಿನ ಫಾಂಟು

ಎನ್.ಆರ್.ಪುರ ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಸೌಜನ್ಯಳ ಕಂಪ್ಯೂಟರು ಬೆಳಗ್ಗಿನಿಂದ ಹನ್ನೊಂದನೇ ಸಲ ಕೈಕೊಟ್ಟಿತು. ಪುಟ ಜೋಡಿಸುವ ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ಫಾಂಟುಗಳನ್ನು ಓದುತ್ತಿದ್ದೇನೆ ಎನ್ನುತ್ತದೆ, ಮರುಕ್ಷಣ ಮಾಯ. ಭಾನುವಾರ ಜಯದೇವಪ್ಪನವರ ಅರವತ್ತರ ಅಭಿನಂದನಾ ಗ್ರಂಥದ ಬಿಡುಗಡೆ, ಇವತ್ತಾಗಲೇ ಗುರುವಾರ. ಅಂಗಡಿಯ ಕೋಣೆಯೂ ಜಯದೇವಪ್ಪನವರದೇ. "ಅಷ್ಟ್ರೊಳಗೆ ಪುಸ್ತಕ ಬರ್ಲಿಲ್ಲಾಂದ್ರೆ ಕೋಣೆ ಖಾಲಿ ಮಾಡಮ್ಮ, ನಂಗೇನೂ ಬೇಜಾರಿಲ್ಲ" ಎಂದು ನಗುನಗುತ್ತಲೇ ಹೇಳಿ ಹೋಗಿದ್ದರು. ಆ ನಗುವಿಗೆ ಹೆದರದವರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಏಳು ವರ್ಷ ಕೂತು ಗಿರಾಕಿಗಳನ್ನು ಕಟ್ಟಿಕೊಂಡ ಜಾಗ ಬಿಟ್ಟು ಅವಳು ಎಲ್ಲಿಗೆ ಹೋಗಬೇಕು?

ಕೊಪ್ಪದಿಂದ ರಿಪೇರಿಯ ಯಜ್ಞೇಶ ಬಂದ. ಪರದೆಯನ್ನು ಒಮ್ಮೆ ನೋಡಿ, "ವೈರಸ್ಸು ಮಾರಾಯ್ತಿ, ಎಲ್ಲ ಅಳಿಸಿ ಫಾರ್ಮ್ಯಾಟ್ ಹೊಡೀಬೇಕು" ಎಂದ. ಎಲ್ಲ ರೋಗಕ್ಕೂ ಅವನದು ಅದೊಂದೇ ಕಷಾಯ. ಸೌಜನ್ಯ ಅವನಿಗೆ ಚಹಾ ಕುಡಿಸಿ ಮಧ್ಯಾಹ್ನದ ಬಸ್ಸು ಹತ್ತಿಸಿದಳು.

ಆಮೇಲೆ ತಾನೇ ಕೂತಳು. ನಾನೂರು ಫಾಂಟುಗಳಲ್ಲಿ ಅರ್ಧ ತೆಗೆದಳು, ಪ್ರೋಗ್ರಾಂ ತೆರೆಯಿತು. ತೆಗೆದದ್ದರಲ್ಲಿ ಅರ್ಧ ವಾಪಸು ಹಾಕಿದಳು, ಬಿತ್ತು. ಹೀಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಾ ಹೋಗಿ ಸಂಜೆಗೆ ಒಂದೇ ಒಂದು ಉಳಿಯಿತು. ಅದು ಜಯದೇವಪ್ಪನವರು ಗ್ರಂಥಕ್ಕಾಗಿ ತಮ್ಮದೇ ಕೈಬರಹದಲ್ಲಿ ಮಾಡಿಸಿದ ಹೊಸ ಫಾಂಟು. ಸಹಿ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲದ ಕೈ ಅದು. ಇಡೀ ಪುಸ್ತಕ ಅದರಲ್ಲೇ ಬರಬೇಕೆಂಬುದು ಅವರ ಹಟ. ಫಾಂಟಿನ ಹೆಸರು 'ಸಮಾಜರತ್ನ, ಸಹಕಾರ ಧುರೀಣ, ದಾನಶೂರ' ಎಂದು ಶುರುವಾಗಿ ಹದಿಮೂರು ಬಿರುದು ದಾಟಿ ಕೊನೆಗೆ ಜಯದೇವಪ್ಪನವರನ್ನು ಮುಟ್ಟುತ್ತಿತ್ತು.

ಆ ಹೆಸರನ್ನು ಹಳೆಯ ಕಂಪ್ಯೂಟರುಗಳ ಕಾಲದ ಕನ್ನಡ ಸಂಕೇತದಲ್ಲಿ ಬರೆದಿದ್ದರು. ಫಾಂಟುಗಳ ಪಟ್ಟಿ ಇಟ್ಟುಕೊಳ್ಳುವ ಫಾಂಟ್ ಕ್ಯಾಶ್ ಎಂಬ ಸಣ್ಣ ಪ್ರೋಗ್ರಾಂ ಅದನ್ನು ಈಗಿನ ಸಂಕೇತವಾದ ಯುನಿಕೋಡಿಗೆ ಬದಲಿಸಹೊರಟರೆ ಹೆಸರು ಮೂರು ಪಟ್ಟು ಜಾಗ ಕೇಳುತ್ತಿತ್ತು. ಜಾಗ ಸಾಲದೆ ಅದು ಸಾಯುತ್ತಿತ್ತು, ತನ್ನ ಜೊತೆ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತಿತ್ತು. ಪಾಪ, ಆ ಪ್ರೋಗ್ರಾಂ ಬರೆದವನು ಮನುಷ್ಯರ ಹೆಸರಿಗೆ ಸಾಕಾಗುವಷ್ಟು ಜಾಗ ಬಿಟ್ಟಿದ್ದ. ನಮ್ಮ ಕಡೆಯ ಸನ್ಮಾನ ಸಮಾರಂಭಗಳನ್ನು ಅವನು ಕಂಡವನಲ್ಲ.

ಶುಕ್ರವಾರ ಬೆಳಗ್ಗೆ ಜಯದೇವಪ್ಪನವರು ಮುಖಪುಟ ನೋಡಲು ಬಂದರು. ಜೊತೆಗೆ ಅವರ ತಾಯಿ, ಎಂಬತ್ತೈದರ ಸುಮಿತ್ರಮ್ಮ.

"ಸಾರ್, ಬಿರುದು ಕಡಿಮೆ ಮಾಡ್ಬೇಕು. ಪುಸ್ತಕದಲ್ಲಿ ಎಲ್ಲಾ ಇರ್ತದೆ, ಫಾಂಟಿನ ಹೆಸರಲ್ಲಿ ಮಾತ್ರ" ಎಂದಳು ಸೌಜನ್ಯ.

"ಯಾವುದನ್ನಮ್ಮ ತೆಗೆಯೋದು? ದಾನಶೂರ ತೆಗೆದ್ರೆ ಬಾಳೆಹೊನ್ನೂರಿನವ್ರಿಗೆ ಸಿಟ್ಟು. ಧುರೀಣ ತೆಗೆದ್ರೆ ಸೊಸೈಟಿಯವ್ರು ಸುಮ್ನಿರ್ತಾರಾ?" ಅವರು ಬೆರಳು ಮಡಿಸುತ್ತಾ ಹದಿಮೂರಕ್ಕೂ ಒಂದೊಂದು ಅಡ್ಡಿ ಹೇಳಿದರು. ಕೊನೆಗೆ, "ದೊಡ್ಡ ಕಂಪ್ಯೂಟರ್ ತರ್ಸು" ಎಂದರು.

ಸ್ಟೂಲಿನ ಮೇಲೆ ಕೂತಿದ್ದ ಸುಮಿತ್ರಮ್ಮನಿಗೆ ಸಾಕಾಯಿತು. "ಅದೆಂತ ಸಂತೆನೋ ಮಗಾ? ತೊಟ್ಲಲ್ಲಿ ಹಾಕಿ ನಾವು ಕೂಗಿದ್ದು ಜಯದೇವ ಅಂತ ಒಂದೇ. ಅದೊಂದಿರ್ಲಿ. ಉಳಿದಿದ್ದೆಲ್ಲ ಊರವ್ರದ್ದು."

ಜಯದೇವಪ್ಪನವರು ಬಾಯಿ ತೆರೆಯುವುದರೊಳಗೆ ಸೌಜನ್ಯ ಹೆಸರು ಬದಲಿಸಿ ಪ್ರೋಗ್ರಾಂ ಒತ್ತಿದಳು. ಮುನ್ನೂರ ಹನ್ನೆರಡು ಪುಟವೂ ತೆರೆದುಕೊಂಡವು. ಅವಳ ಕಣ್ಣು ತುಂಬಿ ಬಂತು.

"ನಾಳೆ ಸಂಜೆಗೆ ಪುಸ್ತಕ ಕೈಗೆ ಕೊಡ್ತೇನೆ ಸಾರ್. ಕೋಣೆ ವಿಷಯ?"

"ಇರ್ಲಿ, ಇದ್ಕೋ" ಎಂದರು ಜಯದೇವಪ್ಪನವರು. ಅವರ ಕಣ್ಣು ಪರದೆ ಬಿಟ್ಟಿರಲಿಲ್ಲ. ಉದ್ದದ ಪಟ್ಟಿಯಲ್ಲಿ ಹತ್ತರೊಡನೆ ಹನ್ನೊಂದಾಗಿ 'ಜಯದೇವ' ಎಂದಷ್ಟೇ ಇತ್ತು. ತಾಯಿಗೆ ಕೇಳದಷ್ಟು ಮೆಲ್ಲಗೆ ಅವರು ಬಗ್ಗಿದರು. "ಮುಂದೆ ಒಂದು ಶ್ರೀ ಹಿಡಿಸ್ತದಾ ನೋಡಮ್ಮ. ಬೋಳು ಬೋಳು ಕಾಣ್ತದೆ."

ಸೌಜನ್ಯ ಲೆಕ್ಕ ಹಾಕುವವಳಂತೆ ಪರದೆಯನ್ನು ದಿಟ್ಟಿಸಿದಳು. ಹತ್ತು ಶ್ರೀಗಾದರೂ ಜಾಗವಿತ್ತು.

"ಇಲ್ಲ ಸಾರ್, ಹಿಡಿಸೋದಿಲ್ಲ" ಎಂದಳು.