ಮಾತು ಬಂದರೆ ಜನ ಇಳಿದರು

ಬೆಳಗಿನಿಂದ ಸಿದ್ದಾರೂಢ ಆ ಕಪ್ಪು ಫೋನನ್ನು ನೋಡಿದಷ್ಟು ತನ್ನ ಮದುವೆಯಲ್ಲಿ ಹೆಂಡತಿಯನ್ನೂ ನೋಡಿರಲಿಲ್ಲ. ಅನ್ನಪೂರ್ಣ ತವರಿನಲ್ಲಿ, ಲಕ್ಷ್ಮೇಶ್ವರದ ಆಸ್ಪತ್ರೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಳು. ಚೊಚ್ಚಲು. ಮಗು ಅಡ್ಡ ತಿರುಗಿದೆಯಂತೆ ಎಂಬ ಸುದ್ದಿ ಬೆಳಿಗ್ಗೆ ಡ್ಯೂಟಿಗೆ ಬಂದ ಕೂಡಲೇ ಸಿಕ್ಕಿತ್ತು. ಅದಾದ ಮೇಲೆ ಫೋನ್ ಸತ್ತಿತ್ತು.

ಅದು ಸರ್ಕಾರದ ಫೋನ್ ಅಲ್ಲ. ತೊಂಬತ್ತಮೂರರಲ್ಲಿ ಸರ್ಕಾರದ ಫೋನಿಗೆ ಅರ್ಜಿ ಹಾಕಿದವರು ಅದನ್ನು ಮರೆತು ಬದುಕುವುದನ್ನು ಕಲಿಯಬೇಕಿತ್ತು. ಸಿದ್ದಾರೂಢನ ಬಿಟಿಎಂ ಮನೆಯ ಓನರ್ ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗಳು ಈಗ ಸ್ಕೂಲಿನಲ್ಲಿ ಮಗ್ಗಿ ಹೇಳುತ್ತಿದ್ದಳು. ಬೇರೆ ಯಾರೂ ಫೋನ್ ಕೊಡುವ ಹಾಗಿಲ್ಲ, ಕೊಡುವವರು ಕೊಡುವುದಿಲ್ಲ. ಸಿದ್ದಾರೂಢ ಆಪರೇಟರ್ ಆಗಿದ್ದ, ಬನಶಂಕರಿ ಅಂಚಿನ ಈ ವಿದ್ಯುತ್ ಸ್ಟೇಷನ್ನಿಗೂ ಟೆಲಿಫೋನ್ ಇಲಾಖೆಯವರದೊಂದು ಫೋನ್ ಇತ್ತು. ಮಳೆಗೆ ಕೇಬಲ್ಲಿನಲ್ಲಿ ನೀರು ನಿಂತು ಅದು ಪೇಪರ್‌ವೇಟ್ ಆಗಿತ್ತು.

ಕರೆಂಟಿನವರು ಇವರನ್ನು ಕಾಯಲಾಗದೆ ತಮ್ಮದೇ ಏರ್ಪಾಡು ಮಾಡಿಕೊಂಡಿದ್ದರು. ಕರೆಂಟು ಹರಿಯುವ ದೊಡ್ಡ ತಂತಿಯ ಮೇಲೆಯೇ ಮಾತೂ ಹರಿಯುತ್ತಿತ್ತು. ಸ್ಟೇಷನ್ನಿನಿಂದ ಸ್ಟೇಷನ್ನಿಗೆ, ಹೊಲ ಗದ್ದೆ ದಾಟಿ, ಹುಬ್ಬಳ್ಳಿಯ ಆಚೆಗೂ. ಮಂಡಳಿಯ ಕೆಲಸಕ್ಕೆ ಮಾತ್ರ ಬಳಸಬೇಕು ಎಂಬ ಬೋರ್ಡು ಗೋಡೆಯ ಮೇಲಿತ್ತು. ಆ ಬೋರ್ಡಿನ ಕೆಳಗೇ ನಿಂತು ಎಷ್ಟೋ ಮದುವೆ ಮಾತುಕತೆಗಳು ನಡೆದಿದ್ದವು. ಲಕ್ಷ್ಮೇಶ್ವರದ ಸ್ಟೇಷನ್ನಿನಲ್ಲಿದ್ದ ಹನಮಂತ ಸಿದ್ದಾರೂಢನ ಬಾಲ್ಯದ ಗೆಳೆಯ. ಆಸ್ಪತ್ರೆಗೂ ಸ್ಟೇಷನ್ನಿಗೂ ಸೈಕಲ್ ತುಳಿದು ಸುದ್ದಿ ಮುಟ್ಟಿಸುವ ಹೊಣೆ ಅವನದಾಗಿತ್ತು.

ಫೋನ್ ಸಾಯಲು ಕಾರಣ ಲೈನ್‌ಮನ್ ಚಿನ್ನಪ್ಪ. ಇಟ್ಟಮಡುವಿನ ಹಳೆ ಮನೆತನದವನು, ಬಾಯಿ ತುಂಬ ಎಲೆಅಡಿಕೆ. ಕನಕಪುರ ರಸ್ತೆಯ ದೊಡ್ಡ ಸ್ಟೇಷನ್ನಿನಿಂದ ಬರುವ ತಂತಿಯನ್ನು ಟವರಿಗೆ ತಗುಲಿಸುವ ಪಿಂಗಾಣಿ ವಸಂತಪುರದ ಹತ್ತಿರ ಒಡೆದಿತ್ತು. ಲೈನ್ ಆಫ್ ಮಾಡಿಸಿ, ಸಿದ್ದಾರೂಢನ ಸಹಿಯ ಚೀಟಿ ತೆಗೆದುಕೊಂಡು ಚಿನ್ನಪ್ಪ ಟವರ್ ಹತ್ತಿದ್ದ. ಹತ್ತುವವರು ಮೊದಲು ತಂತಿಗೆ ಸರಪಳಿ ಕಟ್ಟಿ ನೆಲಕ್ಕೆ ಇಳಿಬಿಡುತ್ತಾರೆ. ಯಾರಾದರೂ ತಪ್ಪಿ ಕರೆಂಟು ಬಿಟ್ಟರೆ ಅದು ಸರಪಳಿ ಹಿಡಿದು ಮಣ್ಣಿಗಿಳಿಯಲಿ ಅಂತ. ಸರಪಳಿ ಕಟ್ಟಿದರೆ ಮಾತೂ ಮಣ್ಣು ಸೇರುತ್ತಿತ್ತು.

ಹತ್ತಿದವನೇ ಕೆಳಗಿಳಿದು ಬಂದು ಚೀಟಿ ವಾಪಸ್ ಕೊಡುವ ತನಕ ಕರೆಂಟು ಬಿಡುವ ಹಾಗಿಲ್ಲ. ನಿಯಮ ಅದು. ಆದರೆ ಸೈಕಲ್ಲಿನಲ್ಲಿ ಅವನು ಬಂದು ಮುಟ್ಟುವಷ್ಟರಲ್ಲಿ ಊರೆಲ್ಲ ಬೈದು ಮುಗಿಸಿರುತ್ತಿತ್ತು. ಹಾಗಾಗಿ ಸ್ಟೇಷನ್ನಿನವರಲ್ಲಿ ಒಂದು ರೂಢಿ ಬೆಳೆದಿತ್ತು. ಸತ್ತ ಫೋನು ಜೀವ ಪಡೆಯಿತೆಂದರೆ ಸರಪಳಿ ಬಿಚ್ಚಿದ್ದಾರೆ. ಮಾತು ಬಂದರೆ ಜನ ಇಳಿದರು. ಚೀಟಿ ಆಮೇಲೆ ಬರುತ್ತಿತ್ತು.

ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಸಿದ್ದಾರೂಢ ಡಬ್ಬಿಯ ರೊಟ್ಟಿ ಬಿಟ್ಟು ಎದ್ದ.

ಕನಕಪುರ ರಸ್ತೆಯ ಸ್ಟೇಷನ್ನಿನ ಭೀಮೇಶ್. "ಏನ್ ಗುರು, ಮಾತು ಬಂತಲ್ಲ. ಕೊಡ್ಲಾ ಸಪ್ಲೈ? ಇಲ್ಲಿ ಸಾಹೇಬ್ರು ಜೀವ ತಿಂತಾವ್ರೆ. ಹಾಂ, ಹುಬ್ಬಳ್ಳಿ ಕಡೆಯಿಂದ ನಿನ್ ಫ್ರೆಂಡು ಕಾಯ್ತಾವ್ನೆ."

ಲೈನಿಗೆ ಕರೆಂಟು ಬಿಡುವಾಗ ಫೋನಿನಲ್ಲಿ ಏಳುವ ಗೊರಗೊರ ಸದ್ದಿಗೆ ಮಾತೇ ಕೇಳಿಸುವುದಿಲ್ಲ. ಸಿದ್ದಾರೂಢನ ತಲೆಯಲ್ಲಿ ಅದೊಂದೇ ಇತ್ತು.

"ಮೊದಲ ಅವಂಗ ಕೊಡ್ರಿ. ಎರಡ ಮಾತು ಆಡ್ತೀನಿ. ಆಮ್ಯಾಲೆ ಹಾಕ್ರಿ ನೀವು."

"ಸರಿ, ಬೇಗ ಮುಗ್ಸು."

ಟಕ್ಕೆಂದಿತು. ದೂರದಿಂದ ಹನಮಂತನ ದನಿ ತೇಲಿ ಬಂತು. "ಸಿದ್ಯಾ, ಕೇಳಾಕತ್ತೈತೇನೋ? ದವಾಖಾನಿಯಿಂದ ಈಗ ಬಂದೆ. ಅನ್ನಪೂರ್ಣಾ..."

ಅಷ್ಟೇ. ದನಿ ನಿಂತುಹೋಯಿತು.

"ಹನಮ್ಯಾ? ಏನಾತೋ ಆಕಿಗೆ?" ಸಿದ್ದಾರೂಢ ಫೋನನ್ನು ಕುಟ್ಟಿದ, ಅಲ್ಲಾಡಿಸಿದ, ಯಾರ ಯಾರನ್ನೋ ಬೈದ. ಆ ಬೈಗುಳದ ನಡುವೆಯೇ ಅವನಿಗೆ ಹೊಳೆಯಿತು. ಫೋನ್ ಹೀಗೆ ಸದ್ದಿಲ್ಲದೆ ಸಾಯುವುದು ಒಂದೇ ಕಾರಣಕ್ಕೆ. ಯಾರೋ ಈಗಷ್ಟೇ ಸರಪಳಿ ಕಟ್ಟಿದ್ದಾರೆ. ಚಿನ್ನಪ್ಪ ಇಳಿದಿಲ್ಲ. ಚಿನ್ನಪ್ಪ ಮೇಲೇ ಇದ್ದಾನೆ.

ಎರಡು ಮಾತು ಆಡಿದ ಮೇಲೆ ಹಾಕ್ರಿ ಎಂದು ತಾನೇ ಹೇಳಿದ್ದ. ಫೋನ್ ಸತ್ತದ್ದು ಆ ಕಡೆ ರಿಸೀವರ್ ಇಟ್ಟ ಭೀಮೇಶನಿಗೆ ಗೊತ್ತಿರುವುದಿಲ್ಲ. ಮಾತು ಮುಗಿಯಿತೆಂದುಕೊಂಡು ಕರೆಂಟು ಬಿಡುವ ಹ್ಯಾಂಡಲ್ ತಿರುಗಿಸುತ್ತಾನೆ. ಸರಪಳಿ ಇನ್ನೂ ಚಿನ್ನಪ್ಪನ ಕೈಯಲ್ಲೇ ಇದ್ದರೆ? ಒಂದೇ ತಂತಿಗೆ ಕಟ್ಟಿ, ಇನ್ನೆರಡು ಬಾಕಿ ಇದ್ದರೆ?

ಸ್ಟೇಷನ್ ಬಿಟ್ಟು ಹೋಗುವುದು ಕೆಲಸ ಕಳೆದುಕೊಳ್ಳುವ ತಪ್ಪು. ಸಿದ್ದಾರೂಢ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ರಸ್ತೆಯಾಚೆ ಮೀನಾಕ್ಷಮ್ಮನ ಅಂಗಡಿಯಲ್ಲಿ ಕಾಸು ಹಾಕಿ ಮಾತಾಡುವ ಕೆಂಪು ಡಬ್ಬಿ ಇತ್ತು. ಬದುಕಿದ್ದ ದಿನಕ್ಕಿಂತ ಸತ್ತ ದಿನಗಳೇ ಅದಕ್ಕೆ ಹೆಚ್ಚು. ಇವತ್ತು ಯಾರೋ ಹುಡುಗಿ ಅದರಲ್ಲಿ ನಗುತ್ತ ಮಾತಾಡುತ್ತಿದ್ದಳು. ಸಿದ್ದಾರೂಢ ಅವಳ ಕೈಯಿಂದ ರಿಸೀವರ್ ಕಿತ್ತುಕೊಂಡ.

"ಏನ್ರೀ ಇದು, ಮೈಮೇಲೆ ಜ್ಞಾನ ಇದ್ಯಾ?" ಎಂದಳು ಮೀನಾಕ್ಷಮ್ಮ.

"ಜೀವದ ಪ್ರಶ್ನೆ ಐತ್ರೀ ಅಕ್ಕಾರ, ಜೀವದ ಪ್ರಶ್ನೆ."

ಭೀಮೇಶನ ಸ್ಟೇಷನ್ನಿನ ಸರ್ಕಾರಿ ಫೋನಿನ ನಂಬರು ತಿರುಗಿಸಿದ. ಎಂಗೇಜ್. ಮತ್ತೆ ತಿರುಗಿಸಿದ, ಡಬ್ಬಿ ಕಾಸು ನುಂಗಿ ಸುಮ್ಮನಾಯಿತು. ಮೀನಾಕ್ಷಮ್ಮ ಅವನ ಮುಖ ನೋಡಿ, ಬೈಯುವುದನ್ನು ನಿಲ್ಲಿಸಿ, ಗಲ್ಲಾಪೆಟ್ಟಿಗೆಯಿಂದ ಇನ್ನೊಂದು ಕಾಸು ತೆಗೆದು ತಾನೇ ಹಾಕಿದಳು. ಅವಸರದಲ್ಲಿ ಅಂಕಿ ತಪ್ಪಿತು. ಮೊದಲಿನಿಂದ ತಿರುಗಿಸಿದ. ವರ್ಷಗಟ್ಟಲೆ ಬೈದಿದ್ದ ಸರ್ಕಾರದ ಫೋನನ್ನು ಅವನು ಈಗ ದೇವರನ್ನು ಬೇಡುವ ಹಾಗೆ ಬೇಡಿದ. ಅತ್ತ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೊನೆಗೊಮ್ಮೆ ಎತ್ತಿದರು.

"ಹಾಕಬ್ಯಾಡ್ರಿ! ಚಿನ್ನಪ್ಪ ಮ್ಯಾಲೆ ಅದಾನ!"

ಎತ್ತಿದ್ದು ಭೀಮೇಶ. "ಹ್ಯಾಂಡಲ್ ಮೇಲೆ ಕೈ ಇಟ್ಟಿದ್ದೆ ಗುರು. ಈ ಫೋನ್ ಯಾವತ್ತೂ ಹೊಡ್ಕೊಳಲ್ವಲ್ಲ, ಇವತ್ತೇನಪ್ಪಾ ಅಂತ ನೋಡಕ್ಕೆ ಬಂದೆ" ಎಂದ.

ಸಿದ್ದಾರೂಢ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಕಾಲಿಗೆ ಗಾಜು ಚುಚ್ಚಿದ್ದು ಆಗ ಗೊತ್ತಾಯಿತು.

ಚಿನ್ನಪ್ಪ ಸಂಜೆ ಸೈಕಲ್ ಒರಗಿಸಿ ಒಳಗೆ ಬಂದ. "ಪಕ್ಕದ ಟವರಲ್ಲೂ ಪಿಂಗಾಣಿ ಬಿರುಕು ಬಿಟ್ಟಿತ್ತು ಸಾರ್. ಸರಪಳಿ ಬಿಚ್ಚಿ ಅಲ್ಲಿಗೆ ಕಟ್ಟಿ ಅದ್ನೂ ಮುಗಿಸ್ಬಿಟ್ಟೆ" ಎಂದು ಚೀಟಿ ಮುಂದೆ ಇಟ್ಟ.

ಸಿದ್ದಾರೂಢ ಚೀಟಿ ಮುಟ್ಟಿದ, ಚಿನ್ನಪ್ಪನ ತೋಳನ್ನೂ ಮುಟ್ಟಿದ. ಆಮೇಲೆ ಕಪ್ಪು ಫೋನೆತ್ತಿ ಭೀಮೇಶನಿಗೆ ಹೇಳಿದ, "ನನ್ನ ಮುಂದ ನಿಂತಾನ. ಈಗ ಹಾಕ್ರಿ." ಗೊರಗೊರ ಸದ್ದೆದ್ದು ಅಡಗಿತು. ದೀಪಗಳು ಹೊತ್ತಿದವು. ಅದರ ಬೆನ್ನಿಗೇ ಮತ್ತೆ ಫೋನ್ ಬಂತು.

"ಎಲ್ಲಿ ಹೋಗಿದ್ಯೋ ಮಾರಾಯಾ" ಎಂದ ಹನಮಂತ. "ಹೆಣ್ಣುಕೂಸು. ಆಪರೇಶನ್ ಆತು. ಅನ್ನಪೂರ್ಣಾ ಎಚ್ಚರಾಗಿ ನಿನ್ನ ಹೆಸರು ಕೇಳ್ಯಾಳ. ಇಬ್ಬರೂ ಆರಾಮ ಅದಾರ."

ರಿಸೀವರ್ ಇಟ್ಟು ಸಿದ್ದಾರೂಢ ಮಗುವಿನ ಹಾಗೆ ಅತ್ತ.

"ಯಾಕ್ ಸಾರ್ ಅಷ್ಟೊಂದು ಅಳ್ತೀರಾ? ಹೆಣ್ಣಾಯ್ತು ಅಂತಲಾ?" ಎಂದ ಚಿನ್ನಪ್ಪ.

"ಅಲ್ಲೋ. ಮಧ್ಯಾಹ್ನ ಫೋನ್ ಬಂತು. ನೀ ಇಳಿದಿ ಅಂತ ತಿಳದು, ಕರೆಂಟ್ ಹಾಕ್ರಿ ಅಂತ ಹೇಳಿಬಿಟ್ಟಿದ್ದೆ. ನಿನ್ನ ಮ್ಯಾಲೆ."

ಚಿನ್ನಪ್ಪ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ನಿಲ್ಲಿಸಲಿಲ್ಲ.

"ಗೊತ್ತು ಸಾರ್, ನೀವೆಲ್ಲ ಹಂಗೇ ಮಾಡೋದು ಅಂತ. ಅದಕ್ಕೇ ನಾನು ಬಿಚ್ಚಿದ ಸರಪಳೀನ ಓಡ್ಕೊಂಡು ಹೋಗಿ ಕಟ್ಟೋದು" ಎಂದು ಎಲೆ ಮಡಿಚಿ ಬಾಯಿಗಿಟ್ಟುಕೊಂಡ.